ದಾಕ್ಷಾಯಣಮ್ಮನ ಹೆಪ್ಪು ಬಸ್ಸು ಹತ್ತಿದ್ದು

ತಿಪಟೂರಿನ ಆಚೆ ಒಂದು ಸಣ್ಣ ರೈಲ್ವೆ ಸ್ಟೇಷನ್. ಅಲ್ಲಿ ಪಂಚಾಕ್ಷರಯ್ಯ ಅಂತ ಒಬ್ಬ ಸ್ಟೇಷನ್ ಮಾಸ್ಟರ್ ಇದ್ದ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವ ದಿನದವರೆಗೆ ಅವನು ಹಸಿರು ಬಾವುಟ ಬೀಸಿ ಊರವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸಿಕೊಟ್ಟ. ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಗಾಡಿ ಕಣ್ಮರೆಯಾದ ಮೇಲೆ ಖಾಲಿ ಹಳಿ ನೋಡುತ್ತ ನಿಂತು, ಬಾವುಟ ಮಡಿಸಿ, ಒಳಗೆ ಬಂದು ಕಾಫಿ ಕುಡಿಯುತ್ತಿದ್ದ. ಅಷ್ಟೇ ಅವನ ಪ್ರವಾಸ.

ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ಮನೆಗೆ ಬಂದವನು ಹೆಂಡತಿ ದಾಕ್ಷಾಯಣಮ್ಮನನ್ನು ಕರೆದ.

"ದಾಕ್ಷಾಯಣಿ, ಇನ್ನು ನಾವು ಹೊರಡೋಣ."

"ಎಲ್ಲಿಗ್ರೀ?"

"ಎಲ್ಲಿಗಾದ್ರೂ. ಒಂದು ಬಸ್ಸು ತಗೊಳ್ಳೋದು, ಅದನ್ನೇ ಮನೆ ಮಾಡ್ಕೊಳ್ಳೋದು. ಊರೂರು ತಿರುಗೋದು."

"ವಾಪಸ್ಸು ಬರೋದು ಯಾವಾಗ?"

"ವಾಪಸ್ಸು ಯಾಕೆ ಬರ್ಬೇಕು? ಮನೇನೇ ನಮ್ಮ ಜೊತೆ ಬರುತ್ತಲ್ಲೇ!"

ದಾಕ್ಷಾಯಣಮ್ಮ ನಕ್ಕಳು. ನಿವೃತ್ತಿಯಾದ ಗಂಡಸರು ಸ್ವಲ್ಪ ದಿನ ಹೀಗೆ ಏನೇನೋ ಮಾತಾಡುತ್ತಾರೆ, ಆಮೇಲೆ ಪೇಪರ್ ಹಿಡಿದುಕೊಂಡು ಮೂಲೆ ಸೇರುತ್ತಾರೆ ಅಂದುಕೊಂಡಳು. ಆದರೆ ಒಂದು ದಿನ ಮನೆ ಮುಂದೆ ಹಳೆಯ ಮಿನಿಬಸ್ಸು ಬಂದು ನಿಂತಿತು. ಯಾವುದೋ ಶಾಲೆಯವರು ಮಾರಿದ್ದು. ಸೀಟುಗಳನ್ನೆಲ್ಲ ಕೀಳಿಸಿ, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಪಾತ್ರೆಗೆ ಒಂದು ಬೀರು, ಹಿಂದಿನ ಮೂಲೆಯಲ್ಲಿ ಮೈ ಮುದುರಿಕೊಂಡು ನಿಲ್ಲುವಷ್ಟು ಬಚ್ಚಲು, ಎಲ್ಲ ಮಾಡಿಸಿದ್ದ. ಮುಂದಿನ ಗಾಜಿನ ಹತ್ತಿರ ಆ ಹಸಿರು ಬಾವುಟ ಸಿಕ್ಕಿಸಿದ್ದ. ದಾಕ್ಷಾಯಣಮ್ಮನ ನಗು ಹಾರಿಹೋಯಿತು.

ಮಕ್ಕಳಿಲ್ಲದ ದಂಪತಿ. ತಿಪಟೂರಿನ ಮನೆ ಇದ್ದದ್ದು ದಾಕ್ಷಾಯಣಮ್ಮನ ಹೆಸರಿನಲ್ಲಿ. ಅತ್ತೆ ಸಾಯುವ ಮುಂಚೆ ಸೊಸೆಯ ಹೆಸರಿಗೇ ಬರೆಸಿ ಹೋಗಿದ್ದಳು. ಅದನ್ನು ಮಾರಿದರೆ ಮಾತ್ರ ಬಸ್ಸಿನ ಬದುಕು ನಡೆಯುವಂತಿತ್ತು. ಕೊಳ್ಳುವವರೂ ಸಿಕ್ಕಿದ್ದರು. ಅವಳು ರುಜು ಹಾಕಬೇಕು, ಅಷ್ಟೇ ಬಾಕಿ.

ಪಂಚಾಕ್ಷರಯ್ಯ ಕೆಟ್ಟವನಲ್ಲ. ಹೆಂಡತಿಯ ಮುಖ ನೋಡಿ ಹೇಳಿದ: "ನಿನಗೆ ಮನಸ್ಸಿಲ್ಲದೆ ನಾನು ಏನೂ ಮಾಡಲ್ಲ. ಯುಗಾದಿವರೆಗೆ ಬಸ್ಸಲ್ಲಿ ಇದ್ದು ನೋಡೋಣ. ಆಮೇಲೆ ನೀನು ಹೂಂ ಅಂದ್ರೆ ಮನೆ ಅವರಿಗೆ. ಊಹೂಂ ಅಂದ್ರೆ ಬಸ್ಸು ಗುಜರಿಗೆ. ನಾನು ತುಟಿ ಪಿಟಿಕ್ಕೆನ್ನಲ್ಲ."

ಆಗಲೇ ಬೇಡ ಅನ್ನಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕುತ್ತ, ಟೈರು ತಟ್ಟಿ ನೋಡುತ್ತ, ತನ್ನಷ್ಟಕ್ಕೆ ತಾನೇ ನಗುತ್ತಿದ್ದ ಅವನ ಮುಖ ನೀವು ನೋಡಿಲ್ಲ. ಅವಳು ನೋಡಿದ್ದಳು. ಬಾಯಿಗೆ ಬಂದ 'ಬೇಡ'ವನ್ನು ನುಂಗಿಕೊಂಡಳು. ನುಂಗಿದ ಮಾತು ಹೊಟ್ಟೆಯಲ್ಲಿ ಸುಮ್ಮನೆ ಕೂರುತ್ತದೆಯೇ? ಅಂದಿನಿಂದ ಅವಳಿಗೆ ತಳಮಳ ಶುರುವಾಯಿತು.

ಈಗ ಹೆಪ್ಪಿನ ವಿಷಯಕ್ಕೆ ಬರುತ್ತೇನೆ. ಪ್ಯಾಕೆಟ್ ಮೊಸರು ತಿಂದು ಬೆಳೆದವರೇ, ಸ್ವಲ್ಪ ಗಮನವಿಟ್ಟು ಕೇಳಿ. ಹಾಲು ಮೊಸರಾಗಬೇಕಾದರೆ ಅದಕ್ಕೆ ಒಂದು ಚಮಚ ಹಳೆಯ ಮೊಸರು ಹಾಕಬೇಕು. ಅದೇ ಹೆಪ್ಪು. ಇವತ್ತಿನ ಮೊಸರಿಗೆ ನಿನ್ನೆಯದು ಹೆಪ್ಪು, ನಿನ್ನೆಯದಕ್ಕೆ ಮೊನ್ನೆಯದು. ದಾಕ್ಷಾಯಣಮ್ಮನ ಮನೆಯ ಹೆಪ್ಪು ಅತ್ತೆಯ ಕಾಲದಿಂದ, ಬಹುಶಃ ಅತ್ತೆಯ ಅತ್ತೆಯ ಕಾಲದಿಂದ, ಒಂದು ದಿನವೂ ತಪ್ಪದೆ ಬಂದದ್ದು. ಕಲ್ಲಿನ ಚಟ್ಟಿಯಲ್ಲಿ ಹಾಲು ಹೊಯ್ದು, ಹೆಪ್ಪು ಬೆರೆಸಿ, ಹುಳಿಯಾಗದಿರಲಿ ಅಂತ ಒಂದು ಚೂರು ತೆಂಗಿನಕಾಯಿ ಹಾಕಿ ಮುಚ್ಚಿಡುತ್ತಿದ್ದರು. ತೆಂಗಿನ ಸೀಮೆಯಲ್ಲವೇ, ಮೊಸರಿಗೂ ಕಾಯಿ! ಬೆಳಿಗ್ಗೆ ತೆಗೆದರೆ ಗಟ್ಟಿ ಮೊಸರು, ಸ್ವಲ್ಪ ಸಿಹಿ.

ಅತ್ತೆ ಇದ್ದಾಗ ಬೆಳಿಗ್ಗೆ ಆಯಿತೆಂದರೆ ಕಾಂಪೌಂಡಿನ ಮೇಲಿಂದ ಅಕ್ಕಪಕ್ಕದ ಹೆಂಗಸರ ಬಟ್ಟಲುಗಳು ಬರುತ್ತಿದ್ದವು. ಅತ್ತೆ ಎಲ್ಲರಿಗೂ ಹೆಪ್ಪು ಕೊಡುತ್ತಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮೊಸರು, ಉಪ್ಪು, ಸೂಜಿ ಹೊರಗೆ ಕೊಟ್ಟರೆ ಮನೆಗೆ ಒಳ್ಳೆಯದಲ್ಲ ಅನ್ನುವುದು ಆ ಕಡೆಯ ನಂಬಿಕೆ. ಸಾಯುವ ಮುಂಚೆ ಸೊಸೆಯ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಹೆಪ್ಪು ಕೆಡಿಸ್ಕೋಬೇಡ ಕಣೇ."

ಅಂದಿನಿಂದ ದಾಕ್ಷಾಯಣಮ್ಮನಿಗೆ ದಿಗಿಲು. ಒಂದು ಬೆಳಿಗ್ಗೆ ಯಾರಿಗೋ ಹೆಪ್ಪು ಕೊಟ್ಟಳು, ಅವತ್ತೇ ಹಾಲು ಒಡೆಯಿತು. ಸೆಖೆಗೆ ಒಡೆದಿರಬಹುದು. ಆದರೆ ಅವಳ ಮನಸ್ಸು ಕೇಳಲಿಲ್ಲ. ಆಮೇಲೆ ಬೆಳಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಪಕ್ಕದ ಮನೆಯ ಸರ್ವಮಂಗಳ ಬಟ್ಟಲು ಹಿಡಿದುಕೊಂಡು ಬಂದರೆ, "ಅಯ್ಯೋ, ಇವತ್ತು ಪೂರ್ತಿ ಮಜ್ಜಿಗೆ ಮಾಡ್ಬಿಟ್ಟೆ" ಅನ್ನುತ್ತಿದ್ದಳು. ಒಳಗೆ ಚಟ್ಟಿ ತುಂಬ ಮೊಸರು ಇರುತ್ತಿತ್ತು. ಸರ್ವಮಂಗಳ ಏನು ದಡ್ಡಿಯೇ? ಕೊನೆಗೆ ಕೇಳುವುದನ್ನೇ ಬಿಟ್ಟಳು, ಮಾತೂ ಕಡಿಮೆಯಾಯಿತು.

ದೀಪಾವಳಿ ಕಳೆದ ಮೇಲೆ ಬಸ್ಸು ಹೊರಟಿತು. ದಾಕ್ಷಾಯಣಮ್ಮ ಕಲ್ಲಿನ ಚಟ್ಟಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಬೀದಿಯವರೆಲ್ಲ ಬಂದು ನಿಂತಿದ್ದರು. ಸರ್ವಮಂಗಳ ಮಾತ್ರ ತನ್ನ ಗೇಟಿನ ಒಳಗೇ ನಿಂತು ನೋಡುತ್ತಿದ್ದಳು. ನಮ್ಮಲ್ಲಿ ಮನೆ ಬಿಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ. ವಾಪಸ್ಸು ಬರದೇ ಇರಲು ಹೊರಟವರು ಏನನ್ನಬೇಕು? ಅವಳಿಗೆ ತೋಚಲಿಲ್ಲ. ಸುಮ್ಮನೆ ಕೈ ಮುಗಿದಳು. ಪಂಚಾಕ್ಷರಯ್ಯ ಕಿಟಕಿಯಿಂದ ಹಸಿರು ಬಾವುಟ ಬೀಸಿ, ತನ್ನ ಗಾಡಿಯನ್ನು ತಾನೇ ಬಿಟ್ಟ.

ಮೊದಲ ದಿನ ಸಂಜೆ ಹಿರಿಯೂರು ದಾಟಿ ಮುಂದೆ ಹೋಗುವಾಗ ರಸ್ತೆ ಬದಿಯಲ್ಲಿ ಒಂದು ಸಣ್ಣ ಹೋಟೆಲ್ ಕಂಡಿತು. ತಗಡಿನ ಮಾಡು, ಮುಂದೆ ಹೊಂಗೆ ಮರ. ನಡೆಸುತ್ತಿದ್ದವಳು ತಿಪ್ಪಕ್ಕ. ಪಂಚಾಕ್ಷರಯ್ಯ ಇಳಿದು, "ರಾತ್ರಿ ಇಲ್ಲೇ ಬಸ್ಸು ನಿಲ್ಲಿಸ್ಕೋಬಹುದಾ?" ಅಂತ ಕೇಳಿದ.

"ನಿಲ್ಲಿಸ್ಕಳ್ರಿ ಯಜಮಾನ್ರೇ, ಜಾಗ ಏನು ಸವೀತೈತಾ? ನಲ್ಲಿ ಅಲ್ಲೈತೆ, ನೀರು ಹಿಡ್ಕಳ್ರಿ" ಅಂದಳು ತಿಪ್ಪಕ್ಕ. ಆಮೇಲೆ ಬಸ್ಸಿನೊಳಗೆ ಇಣುಕಿ ನೋಡಿ, ಬೆರಗಾಗಿ, ದಾಕ್ಷಾಯಣಮ್ಮನ ತೊಡೆಯ ಮೇಲಿನ ಚಟ್ಟಿ ಕಂಡು ಹಿಗ್ಗಿದಳು. "ಅಮ್ಮಾ, ಮೊಸರಾ ಅದು? ಒಂದು ಚಮಚ ಹೆಪ್ಪು ಕೊಡ್ರಮ್ಮ. ಬೆಕ್ಕು ಬಂದು ನನ್ನ ಗಡಿಗೆ ಮಗುಚಿ ಹಾಕೈತೆ. ಮಜ್ಜಿಗೆ ಇಲ್ಲ ಅಂದ್ರೆ ಲಾರಿಯವರು ಊಟಕ್ಕೇ ಕೂರಲ್ಲ."

ದಾಕ್ಷಾಯಣಮ್ಮ ಚಟ್ಟಿಯನ್ನು ಎದೆಗೆ ಒತ್ತಿಕೊಂಡಳು. "ದೀಪ ಹಚ್ಚೋ ಹೊತ್ತು. ಈಗ ಕೊಡಬಾರದು."

"ಹೌದಲ್ವಾ, ಮರೆತೇ ಬಿಟ್ಟೆ" ಅಂದಳು ತಿಪ್ಪಕ್ಕ, ಒಂಚೂರೂ ಬೇಜಾರಿಲ್ಲದೆ. ಬಿಸಿ ಮುದ್ದೆ ತಂದುಕೊಟ್ಟಳು. ನಾಯಿ ಬೊಗಳಿದರೆ ಹೆದರಬೇಡಿ, ತನ್ನದೇ ನಾಯಿ ಅಂತ ಹೇಳಿ ಹೋದಳು.

ಬೆಳಗಾಯಿತು. ಪಂಚಾಕ್ಷರಯ್ಯ ಹೆಂಡತಿಗೆ, "ಈಗ ಬೆಳಕಿದೆಯಲ್ಲ, ಕೊಡು ಪಾಪ" ಅಂದ. ಅವಳಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಜೀವ ಹಿಂಡಿಕೊಂಡು ಒಂದು ಚಮಚ ಮೊಸರು ತಿಪ್ಪಕ್ಕನ ಲೋಟಕ್ಕೆ ಹಾಕಿದಳು. ಹಾಕಿದ ಮೇಲೆ ಮನೆಯ ಮರ್ಯಾದೆ ಹೋಗಬಾರದಲ್ಲ, "ಒಂದು ಚೂರು ತೆಂಗಿನಕಾಯಿ ಹಾಕಿಡು, ಹುಳಿ ಬರಲ್ಲ" ಅಂತ ಹೇಳಿದಳು. ತಿಪ್ಪಕ್ಕ ಆ ಲೋಟಕ್ಕೆ ಸೆರಗು ಮುಚ್ಚಿಕೊಂಡು ಒಳಗೆ ಓಡಿದಳು.

ಬಸ್ಸು ಹೊರಟಿತು. ದಾಕ್ಷಾಯಣಮ್ಮ ಹಿಂದಿರುಗಿ ಹಿಂದಿರುಗಿ ಆ ಹೋಟೆಲನ್ನೇ ನೋಡಿದಳು. ಕೊಡಬಾರದಿತ್ತು ಅನ್ನಿಸಿತು. ಮನೆ ಬಿಟ್ಟ ಮೊದಲ ದಿನವೇ ಮನೆಯ ಹೆಪ್ಪು ಬೀದಿಗೆ ಹೋಯಿತಲ್ಲ ಅನ್ನಿಸಿತು.

ಆಮೇಲೆ ಏನಾಯಿತು ಗೊತ್ತಾ? ಮೊಸರು ಕೂರುವುದನ್ನೇ ಬಿಟ್ಟಿತು.

ಕಾರಣ ದೊಡ್ಡದೇನಲ್ಲ. ಪಂಚಾಕ್ಷರಯ್ಯ ಜೀವನವೆಲ್ಲ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಬಿಟ್ಟವನು. ಆ ಚಾಳಿ ಬಿಡಲಿಲ್ಲ. ಹೊಸಪೇಟೆಯೋ ಬಾದಾಮಿಯೋ, ನಾಳೆ ಎಲ್ಲಿಗೆ ಅಂತ ರಾತ್ರಿಯೇ ನಿರ್ಧಾರ. ಕೋಳಿ ಕೂಗುವ ಮುಂಚೆ ಬಸ್ಸು ಸ್ಟಾರ್ಟ್. "ಲೇಟಾಗಬಾರದು" ಅನ್ನುತ್ತಿದ್ದ. ಯಾರು ಕಾಯುತ್ತಿದ್ದರೋ ದೇವರಿಗೇ ಗೊತ್ತು! ಚಳಿಗಾಲ ಬೇರೆ, ತಗಡಿನ ಗೋಡೆಯೊಳಗೆ ಹಾಲು ಮೊಸರಾಗಲು ಹೆಚ್ಚು ಹೊತ್ತು ಬೇಕು. ಅರ್ಧ ಹೆಪ್ಪುಗಟ್ಟಿದ ಹಾಲು ಗುಂಡಿ ಗುಂಡಿ ರಸ್ತೆಯಲ್ಲಿ ಕುಲುಕಾಡಿದರೆ ಏನಾಗುತ್ತದೆ? ಒಂದು ದಿನ ನೀರು ನೀರು. ಇನ್ನೊಂದು ದಿನ ಲೋಳೆ ಲೋಳೆ. ಮತ್ತೊಂದು ದಿನ ಒಂಥರಾ ವಾಸನೆ.

ದಾಕ್ಷಾಯಣಮ್ಮನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಜೀವಮಾನವಿಡೀ ಹೆಪ್ಪು ಹಾಕಿದ ಹೆಂಗಸು. "ರೀ, ಬಿಸಿಲು ಏರೋವರೆಗೂ ಬಸ್ಸು ಅಲುಗಾಡಿಸಬೇಡಿ" ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಒಂದು ದೂರು ಬಾಯಿಂದ ಹೊರಬಿದ್ದರೆ ಹಿಂದೆಯೇ ಎಲ್ಲ ದೂರುಗಳೂ ನುಗ್ಗಿ ಬಂದಾವು ಅಂತ ಹೆದರಿಕೆ. ಎದೆಯ ಒಂದು ಮೂಲೆ 'ಬಸ್ಸು ಕುಲುಕಿದ್ದಕ್ಕೆ ಹೀಗಾಯ್ತು' ಅನ್ನುತ್ತಿತ್ತು. ಇನ್ನೊಂದು ಮೂಲೆ ಜೋರಾಗಿ, 'ಅಲ್ಲ, ಮನೆ ಬಿಟ್ಟಿದ್ದಕ್ಕೆ, ಹೆಪ್ಪು ಬೀದಿಗೆ ಕೊಟ್ಟಿದ್ದಕ್ಕೆ, ಅತ್ತೆ ಮುನಿದಿದ್ದಾಳೆ' ಅನ್ನುತ್ತಿತ್ತು. ದಿಗಿಲು ಬಿದ್ದವರಿಗೆ ಯಾವ ಮಾತು ಹೆಚ್ಚು ಕೇಳಿಸುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಅವಳು ಏನು ಮಾಡಿದಳು? ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದು, ಗಂಡ ನೋಡದ ಹಾಗೆ ಬಟ್ಟಲಿಗೆ ಸುರಿದು, ಮೇಲೆ ಒಂದು ಚೂರು ತೆಂಗಿನಕಾಯಿ ಇಟ್ಟಳು. "ಹೇಗಿದೆ ಮೊಸರು?" ಅಂತ ಬೇರೆ ಕೇಳಿದಳು. ಪಂಚಾಕ್ಷರಯ್ಯ ಒಂದು ತುತ್ತು ಬಾಯಿಗಿಟ್ಟು, ಅವಳ ಮುಖ ನೋಡಿ, "ಚೆನ್ನಾಗಿದೆ" ಅಂದ. ಅದೇ ಬಟ್ಟಲನ್ನು ನಡುವೆ ಇಟ್ಟುಕೊಂಡು ದಿನಾ ಇಬ್ಬರೂ ಊಟ ಮಾಡಿದರು.

ಊರು ಬದಲಾದಂತೆ ದಿಗಿಲು ಹೆಚ್ಚಾಯಿತು. ಬಸ್ಸಿನ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡರೆ ಶಕುನ. ಟೈರು ಪಂಕ್ಚರ್ ಆದರೆ ಶಕುನ. ಪೂಜೆಯ ದೀಪ ಗಾಳಿಗೆ ಆರಿದರೆ, ಕಿಟಕಿ ತೆರೆದಿತ್ತು ಅನ್ನುವುದೂ ನೆನಪಾಗದೆ ಅಳು. ಯಾವ ಊರಿನಲ್ಲಿ ನಿಂತರೂ ಅವಳು ಯಾರ ಜೊತೆಯೂ ಮಾತಾಡಲಿಲ್ಲ. ಪರದೆ ಎಳೆದುಕೊಂಡು ಒಳಗೇ ಕೂರುತ್ತಿದ್ದಳು. ಗಂಡ ಗೋಳಗುಮ್ಮಟ ತೋರಿಸಲು ಕರೆದುಕೊಂಡು ಹೋದರೆ, ತಲೆಯೆತ್ತಿ ನೋಡುತ್ತಲೇ, ಚಟ್ಟಿಯ ಮುಚ್ಚಳ ಸರಿಯಾಗಿ ಮುಚ್ಚಿದ್ದೆನಾ ಅಂತ ಯೋಚಿಸುತ್ತಿದ್ದಳು. ರಾತ್ರಿ ನಿದ್ದೆ ಬಂದರೆ ತಿಪಟೂರಿನ ಮನೆಯ ಕನಸು. ಕನಸಿನಲ್ಲೂ ಅಡುಗೆಮನೆ ಖಾಲಿ.

ಒಂದು ಬೆಳಿಗ್ಗೆ ವಿಜಯಪುರದ ಆಚೆ, ಒಂದು ಬೇವಿನ ಮರದ ಕೆಳಗೆ, ಅವಳು ಚಟ್ಟಿಯ ಮುಚ್ಚಳ ತೆಗೆದಳು. ಹಸಿರು ಬೂಷ್ಟು ಹಿಡಿದಿತ್ತು. ಒಂದು ಚಮಚವಾದರೂ ಉಳಿದೀತೇ ಅಂತ ಅಂಚಿನಿಂದ ಕೆರೆದು ನೋಡಿದಳು. ಉಳಿದಿರಲಿಲ್ಲ. ಅತ್ತೆ ಕೈ ಹಿಡಿದು ಒಪ್ಪಿಸಿದ್ದು ಅವಳ ಕೈಯಲ್ಲೇ ಸತ್ತುಹೋಯಿತು. ಮರದ ಬುಡದಲ್ಲಿ ಮಣ್ಣು ತೋಡಿ ಸುರಿದು, ಚಟ್ಟಿ ತೊಳೆದು, ಸೀರೆಯಲ್ಲಿ ಸುತ್ತಿ, ಖಾಲಿ ಚಟ್ಟಿಯನ್ನೇ ಬೀರುವಿನಲ್ಲಿಟ್ಟಳು. ಗಂಡನಿಗೆ ಹೇಳಲಿಲ್ಲ.

ಅದೇ ವಾರ ಪಂಚಾಕ್ಷರಯ್ಯನಿಗೆ ಜ್ವರ ಬಂತು. ಪಕ್ಕದ ಊರಿನ ಡಾಕ್ಟರು ಬಂದು, ಸೂಜಿ ಚುಚ್ಚಿ, ಭಯ ಬೇಡ ಅಂತ ಹೇಳಿ ಹೋದರು. ಜ್ವರ ಇಳಿಯಿತು, ಆದರೆ ಬಾಯಿ ಕೆಟ್ಟುಹೋಗಿತ್ತು. ಗಂಜಿ ಬೇಡ, ಬ್ರೆಡ್ಡು ಬೇಡ. ಮಧ್ಯಾಹ್ನ ದಿಂಬಿಗೆ ಒರಗಿಕೊಂಡು, ಮಗುವಿನ ಹಾಗೆ ಕೇಳಿದ: "ಒಂದು ತುತ್ತು ಮೊಸರನ್ನ ಕಲಸಿಕೊಡೇ. ನಮ್ಮ ಮನೆ ಮೊಸರು."

ದಾಕ್ಷಾಯಣಮ್ಮ ಬೀರುವಿನ ಮುಂದೆ ಹೋಗಿ ನಿಂತಳು. ಕೈ ಚಟ್ಟಿಯ ಮೇಲಿತ್ತು. ಪ್ಯಾಕೆಟ್ ಕೂಡ ಪಕ್ಕದಲ್ಲೇ ಇತ್ತು. ಎಷ್ಟೋ ದಿನದಿಂದ ಮಾಡಿದ ಹಾಗೆ ಅವತ್ತೂ ಮಾಡಬಹುದಿತ್ತು. ಆದರೆ ಜ್ವರದಿಂದ ಎದ್ದ ಮನುಷ್ಯನಿಗೆ ಸುಳ್ಳು ಕಲಸಿ ತಿನ್ನಿಸಲು ಅವಳಿಗೆ ಕೈ ಬರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟಳು.

"ಇಲ್ಲ ಕಣ್ರೀ. ಹೆಪ್ಪು ಸತ್ತುಹೋಯ್ತು. ನಾನು ಇಷ್ಟು ದಿನ ನಿಮಗೆ ಹಾಕಿದ್ದು ಪ್ಯಾಕೆಟ್ ಮೊಸರು."

ಪಂಚಾಕ್ಷರಯ್ಯ ದಿಂಬಿನಿಂದ ಎದ್ದು ಕೂತ. ಆಮೇಲೆ, "ನನಗೆ ಗೊತ್ತಿತ್ತು" ಅಂದ.

"ಗೊತ್ತಿತ್ತಾ?"

"ನಮ್ಮಮ್ಮನ ಮೊಸರು ತಿಂದು ಬೆಳೆದವನು ನಾನು. ಮೊದಲ ತುತ್ತಿಗೇ ಗೊತ್ತಾಯ್ತು. ಕೇಳಿದ್ರೆ ನೀನು ವಾಪಸ್ಸು ಹೋಗೋಣ ಅಂತೀಯೇನೋ ಅಂತ ಹೆದರಿಕೆ. ಅದಕ್ಕೇ ಚೆನ್ನಾಗಿದೆ ಅಂದೆ."

ನೋಡಿದಿರಾ? ಆ ಪುಟ್ಟ ಬಸ್ಸಿನಲ್ಲಿ ಇಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಇನ್ನು ಬಚ್ಚಿಡಲು ಏನೂ ಉಳಿಯಲಿಲ್ಲ. ದಾಕ್ಷಾಯಣಮ್ಮ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದಳು: ಶಕುನ, ಕನಸು, ಅತ್ತೆಯ ಮುನಿಸು, ತಿಪ್ಪಕ್ಕನಿಗೆ ಕೊಟ್ಟ ಆ ಒಂದು ಚಮಚ. ಕೊನೆಗೆ ಹೇಳಿದಳು: "ನನ್ನ ಕೈಲಿ ಆಗಲ್ಲ. ಮನೆಗೆ ಹೋಗೋಣ."

"ಆಯ್ತು" ಅಂದ ಪಂಚಾಕ್ಷರಯ್ಯ. ಕೊಟ್ಟ ಮಾತಿನಂತೆ ತುಟಿ ಪಿಟಿಕ್ಕೆನ್ನಲಿಲ್ಲ. ಮೈಯಲ್ಲಿ ಕಸುವು ಬಂದ ಕೂಡಲೇ ಬಸ್ಸನ್ನು ತಿರುಗಿಸಿದ. ಗಾಜಿನ ಹತ್ತಿರವಿದ್ದ ಹಸಿರು ಬಾವುಟ ತೆಗೆದು, ಮಡಿಸಿ, ಸೀಟಿನ ಕೆಳಗೆ ತಳ್ಳಿದ. ಅದನ್ನು ನೋಡಿ ದಾಕ್ಷಾಯಣಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಮನೆಗೆ ಹೋಗುತ್ತಿದ್ದೇನೆ, ಸಮಾಧಾನ ಆಗಬೇಕಿತ್ತಲ್ಲ? ಆಗಲಿಲ್ಲ. ಹೆಪ್ಪಿಲ್ಲದ ಚಟ್ಟಿ ಹಿಡಿದುಕೊಂಡು ಆ ಅಡುಗೆಮನೆಗೆ ಕಾಲಿಡುವುದು ಹೇಗೆ ಅನ್ನುವ ಹೊಸ ದಿಗಿಲು ಶುರುವಾಯಿತು.

ಹಿಂದಿರುಗುವ ದಾರಿಯಲ್ಲಿ ಅದೇ ಹೊಂಗೆ ಮರ ಬಂತು. ಊಟದ ಹೊತ್ತು. ದಾಕ್ಷಾಯಣಮ್ಮ, "ಇಲ್ಲಿ ಬೇಡ, ಮುಂದೆ ಹೋಗಿ" ಅಂದಳು. ಅವಳಿಗೆ ಆ ಹೋಟೆಲ್ ಕಂಡರೆ ಸಂಕಟ. ಆದರೆ ಬಸ್ಸನ್ನು ದೂರದಿಂದಲೇ ಗುರುತು ಹಿಡಿದ ತಿಪ್ಪಕ್ಕ ಸೌಟು ಹಿಡಿದುಕೊಂಡೇ ರಸ್ತೆಗೆ ಬಂದುಬಿಟ್ಟಿದ್ದಳು.

"ಅಯ್ಯೋ ಯಜಮಾನ್ರೇ, ಎಷ್ಟು ಸೊರಗಿ ಹೋಗೀರ! ಇಳೀರಿ, ಇಳೀರಿ. ಅಮ್ಮಾ, ಇಳೀರಿ. ಉಣ್ಣದೆ ಹೋದ್ರೆ ನನ್ನಾಣೆ."

ಕೂತರು. ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ಕೊನೆಗೆ ತಿಪ್ಪಕ್ಕ ಅನ್ನ ಹಾಕಿ, ಗಡಿಗೆಯಿಂದ ಮೊಸರು ತೋಡಿ ಇಬ್ಬರ ತಟ್ಟೆಗೂ ಬಡಿಸಿದಳು. ಪಂಚಾಕ್ಷರಯ್ಯ ಕಲಸಿ ಬಾಯಿಗಿಟ್ಟ. ಇಟ್ಟವನು ಅಗಿಯುವುದನ್ನೇ ನಿಲ್ಲಿಸಿದ.

"ದಾಕ್ಷಾಯಣಿ, ತಿಂದು ನೋಡು" ಅಂದ.

ಅವಳು ಅನ್ನಕ್ಕೆ ಕೈ ಹಾಕಿದಳು. ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಒಂದು ಚೂರು ತೆಂಗಿನಕಾಯಿ. ಮೊಸರನ್ನು ನಾಲಗೆಗೆ ಮುಟ್ಟಿಸಿದಳು. ಗಟ್ಟಿ, ಸ್ವಲ್ಪ ಸಿಹಿ. ಅತ್ತೆಯ ಮೊಸರು.

"ಇದು... ಈ ಹೆಪ್ಪು ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ನೀವೇ ಕೊಟ್ಟಿರ್ಲಿಲ್ವಾ ಅಮ್ಮ, ಅವತ್ತು ಬೆಳಿಗ್ಗೆ, ಲೋಟದಾಗೆ? ಅದೇ ನಡೀತೈತೆ. ಕಾಯಿ ಚೂರು ಹಾಕು ಅಂದಿದ್ರಲ್ಲ, ಹಾಕ್ತೀನಿ. ಲಾರಿಯವರು ಮೊಸರು ಅಂದ್ರೆ ತಿಪ್ಪಕ್ಕನ ಮೊಸರು ಅಂತಾರೆ ಈಗ!" ತಿಪ್ಪಕ್ಕ ಜಂಬದಿಂದ ನಕ್ಕಳು. ಆಮೇಲೆ ಏನೋ ನೆನಪಾದಂತೆ ಹೇಳಿದಳು: "ನಡುವೆ ಒಂದ್ಸಲ ನಂದೂ ಕೆಟ್ಟೋಗಿತ್ತು ಅನ್ರಿ. ಹಾಲು ಸೀದು ಹೋಯ್ತು, ಹೆಪ್ಪಿಗೆ ಅಂತ ಇಟ್ಟಿದ್ದೂ ಬಡಿಸಿಬಿಟ್ಟಿದ್ದೆ."

"ಆಮೇಲೆ?"

"ಆಮೇಲೇನು? ಊರಾಗೆ ನಾಕು ಮನೆಗೆ ಕೊಟ್ಟಿದ್ನಲ್ಲ, ಅವರ ಹತ್ರ ಇಸ್ಕಂಡು ಬಂದೆ."

ಇಷ್ಟೇ ಮಾತು. ತಿಪ್ಪಕ್ಕನಿಗೆ ಅದು ಮಾತೂ ಅಲ್ಲ. ಹೇಳಿ ಪಕ್ಕದವರಿಗೆ ಸಾರು ಹಾಕಲು ಹೋದಳು. ದಾಕ್ಷಾಯಣಮ್ಮ ಮಾತ್ರ ಆ ಕಾಯಿಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ಕಾಂಪೌಂಡಿನ ಮೇಲಿಂದ ಬರುತ್ತಿದ್ದ ಬಟ್ಟಲುಗಳೆಲ್ಲ ಕಣ್ಣ ಮುಂದೆ ಬಂದವು. ಅತ್ತೆಯ ಹೆಪ್ಪು ಅಷ್ಟು ಕಾಲ ಕೆಡದೆ ಬಂದದ್ದು ಹೇಗೆ ಅಂತ ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಅತ್ತೆಯ ಚಟ್ಟಿಯಲ್ಲೂ ಎಂದೋ ಒಂದು ದಿನ ಮೊಸರು ಕೆಟ್ಟಿರಬೇಕು. ಅವತ್ತು ಅತ್ತೆ ತಾನೇ ಬಟ್ಟಲು ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ಹೋಗಿರಬೇಕು. ಕೆಡಿಸ್ಕೋಬೇಡ ಅಂದದ್ದು ಮುಚ್ಚಿಟ್ಟುಕೋ ಅಂತಲ್ಲ. ಯಾವ ಚಮಚ ಬೀದಿಪಾಲಾಯಿತು ಅಂತ ಅವಳು ಅತ್ತಿದ್ದಳೋ ಆ ಒಂದು ಚಮಚವೇ ಬದುಕಿ ಉಳಿದಿತ್ತು.

"ತಿಪ್ಪಕ್ಕ," ಅಂತ ಕರೆದಳು. "ನನಗೆ ಒಂದು ಚಮಚ ಹೆಪ್ಪು ಕೊಡ್ತೀಯಾ?"

"ದೀಪ ಹಚ್ಚೋಕೆ ಇನ್ನೂ ಹೊತ್ತೈತೆ, ಧಾರಾಳವಾಗಿ ತಗಳ್ರಿ!" ಅಂದಳು ತಿಪ್ಪಕ್ಕ. ಅವಳು ತಮಾಷೆಗೆ ಅಂದದ್ದು. ದಾಕ್ಷಾಯಣಮ್ಮ ನಕ್ಕಳು, ನಗುತ್ತ ಅತ್ತಳು, ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿಗೆ ಹೋಗಿ ಕಲ್ಲಿನ ಚಟ್ಟಿ ತಂದಳು.

ಸಂಜೆ ಹಾಲಿಗೆ ಹೆಪ್ಪು ಹಾಕಿ, ಮುಚ್ಚಿಟ್ಟು, ಗಂಡನ ಕಡೆ ತಿರುಗಿದಳು. ಇಷ್ಟು ತಿಂಗಳು ಹೇಳದ ಮಾತನ್ನು ಆಗ ಹೇಳಿದಳು: "ರೀ, ನಾಳೆ ಮೊಸರು ಕೂರೋವರೆಗೂ ಬಸ್ಸು ಅಲುಗಾಡಬಾರದು."

ಪಂಚಾಕ್ಷರಯ್ಯ ತಲೆ ಕೆರೆದುಕೊಂಡ. "ಇದನ್ನ ಮೊದಲ ದಿನವೇ ಹೇಳೋದಲ್ವೇನೇ? ನಾನು ಯಾವ ಪ್ಯಾಸೆಂಜರ್ ಕಾಯ್ತಿದ್ದಾನೆ ಅಂತ ಕತ್ತಲಲ್ಲೇ ಗಾಡಿ ಬಿಡ್ತಿದ್ದೆ ಹೇಳು!"

ಮಾರನೆಯ ದಿನ ಬಿಸಿಲು ಏರುವವರೆಗೂ ಬಸ್ಸು ಅಲ್ಲೇ ನಿಂತಿತ್ತು. ದಾಕ್ಷಾಯಣಮ್ಮ ಹೆದರುತ್ತ ಹೆದರುತ್ತ ಮುಚ್ಚಳ ತೆಗೆದಳು. ಮೊಸರು ಗಟ್ಟಿಯಾಗಿ ಕೂತಿತ್ತು.

ಯುಗಾದಿಗೆ ಮುಂಚೆ ತಿಪಟೂರು ಸೇರಿದರು. ಮನೆಯ ಬೀಗ ತೆಗೆಯುವ ಮೊದಲು ದಾಕ್ಷಾಯಣಮ್ಮ ಒಂದು ಬಟ್ಟಲಲ್ಲಿ ಹೆಪ್ಪು ಹಾಕಿಕೊಂಡು ಸರ್ವಮಂಗಳನ ಗೇಟು ತೆಗೆದಳು. ಮುಖಕ್ಕೆ ಹೊಡೆದ ಹಾಗೆ 'ಬೇಡ' ಅಂದುಬಿಟ್ಟರೆ? ಅನ್ನುವುದಕ್ಕೆ ಅವಳಿಗೆ ಹಕ್ಕೂ ಇತ್ತು.

ಸರ್ವಮಂಗಳ ಬಟ್ಟಲು ನೋಡಿದಳು, ಇವಳ ಮುಖ ನೋಡಿದಳು. "ಏನಮ್ಮ ಇದು? ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?"

"ಹೆಪ್ಪು. ಎಷ್ಟೋ ಸಲ ಕೇಳಿದ್ದೆಯಲ್ಲ. ಆಗೆಲ್ಲ ಮನೇಲಿ ಇತ್ತು, ಇಲ್ಲ ಅಂದಿದ್ದೆ. ಮನಸ್ಸಲ್ಲಿ ಇಟ್ಕೋಬೇಡ."

"ಇತ್ತು ಅಂತ ನನಗೆ ಗೊತ್ತಿರಲಿಲ್ವಾ?" ಅಂದಳು ಸರ್ವಮಂಗಳ. ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡೇ ನಿಂತಿದ್ದಳು. ಆಮೇಲೆ ಬಟ್ಟಲು ಇಸಿದುಕೊಂಡು, "ಒಳಗೆ ಬಾ, ಕಾಫಿಗೆ ಇಟ್ಟಿದ್ದೀನಿ" ಅಂದಳು.

ಅವತ್ತು ಸಂಜೆ ದಾಕ್ಷಾಯಣಮ್ಮ ಮನೆಯ ಕೋಣೆ ಕೋಣೆಗೂ ಹೋಗಿ ನಿಂತಳು. ಅಡುಗೆಮನೆಯ ಗೋಡೆ ಮುಟ್ಟಿದಳು. ಅತ್ತಳು ಕೂಡ, ಸುಳ್ಳು ಯಾಕೆ ಹೇಳಲಿ? ಆದರೆ ಹೊಟ್ಟೆಯೊಳಗಿನ ಆ ತಳಮಳ ಮಾತ್ರ ಇರಲಿಲ್ಲ; ಹೆಪ್ಪು ಈಗ ಈ ಗೋಡೆಗಳನ್ನೇ ನಂಬಿಕೊಂಡಿರಲಿಲ್ಲ. ಹೊರಗೆ ಬಂದು, ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಗಂಡನಿಗೆ, "ಆ ಬಾವುಟ ಎಲ್ಲಿಟ್ಟಿದ್ದೀರಿ? ತೆಗೆದು ಮುಂದೆ ಸಿಕ್ಕಿಸಿ" ಅಂದಳು. ಪಂಚಾಕ್ಷರಯ್ಯ ನಂಬಲಾರದೆ ಅವಳನ್ನೇ ನೋಡಿದ. "ಹೂಂ ಕಣ್ರೀ. ಹೂಂ ಅಂದೆ. ಆದ್ರೆ ಬಿಸಿಲು ಏರೋ ಮುಂಚೆ ಗಾಡಿ ಬಿಡೋ ಹಾಗಿಲ್ಲ."

ರುಜು ಆಯಿತು. ಮನೆ ಬೇರೆಯವರದಾಯಿತು. ಹೊರಡುವ ದಿನ ಮತ್ತೆ ಬೀದಿಯವರೆಲ್ಲ ಬಂದರು. ಈ ಸಲ ಸರ್ವಮಂಗಳ ಗೇಟಿನಿಂದ ಹೊರಗೆ, ಬಸ್ಸಿನ ಬಾಗಿಲ ಹತ್ತಿರವೇ ನಿಂತಿದ್ದಳು. ಚಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾಕ್ಷಾಯಣಮ್ಮ ಕಿಟಕಿಯಿಂದ ಹೇಳಿದಳು: "ಹೋಗಿ ಬರ್ತೀವಿ ಸರ್ವಮಂಗಳ."

ಸರ್ವಮಂಗಳ ಕಣ್ಣೊರೆಸಿಕೊಂಡು ರೇಗಿದಳು: "ಮನೇನೇ ಮಾರಿಬಿಟ್ಟೆ, ಇನ್ನು ಏನಕ್ಕೆ ಬರ್ತೀಯ?"

"ಹೆಪ್ಪು ಕೇಳೋಕೆ" ಅಂದಳು ದಾಕ್ಷಾಯಣಮ್ಮ.

ನೀತಿ: ಕೈಬಿಟ್ಟು ಹೋದೀತು ಅನ್ನುವ ಹೆದರಿಕೆಯಿಂದ ಮುಚ್ಚಿಟ್ಟದ್ದು ಮುಚ್ಚಿಟ್ಟಲ್ಲೇ ಕೆಡುತ್ತದೆ, ಅದು ಮೊಸರಾಗಲಿ, ಮನಸ್ಸಿನ ಮಾತಾಗಲಿ. ಹಂಚಿಕೊಂಡದ್ದು ನಮಗಾಗಿ ಹತ್ತು ಮನೆಗಳಲ್ಲಿ ಬದುಕಿರುತ್ತದೆ. ಮನೆ ಬಿಟ್ಟು ಹೊರಡುವವರು ಏನನ್ನು ಕಟ್ಟಿಕೊಂಡು ಹೋಗಬೇಕು ಅಂತ ಆಮೇಲೆ ಯೋಚಿಸಲಿ, ಯಾರಿಗೆ ಏನನ್ನು ಕೊಟ್ಟು ಹೋಗಬೇಕು ಅಂತ ಮೊದಲು ಯೋಚಿಸಲಿ.